ಹಾಡುವ ವ್ಯಾನಿನ ಹವಾಲ್ದಾರ್

ಈ ವರ್ಷದ ಮೊದಲಲ್ಲಿ ಕಣ್ಣಿನ ಡಾಕ್ಟರು, "ಇನ್ನು ಗಾಡಿ ಓಡಿಸಿದ್ದು ಸಾಕು" ಎಂದರಂತೆ. ಹವಾಲ್ದಾರ್ ಅಂಕಲ್ ಮನೆಗೆ ಬಂದು, ವ್ಯಾನನ್ನು ತೊಳೆದು, ಒರೆಸಿ, ಅದಕ್ಕೊಂದು ಸೆಲ್ಯೂಟ್ ಹೊಡೆದು ಮಾರಿಬಿಟ್ಟರು. ಸೆಲ್ಯೂಟಿನ ಸಂಗತಿ ನಾನು ಸೇರಿಸಿದ್ದಲ್ಲ. ಅವರ ಹೆಂಡತಿಯೇ ಫೋನಿನಲ್ಲಿ ಹೇಳಿದ್ದು. "ಮದುವೆಯಾಗಿ ನಲವತ್ತು ವರ್ಷ ಆಯ್ತು, ನನಗೊಂದು ಸೆಲ್ಯೂಟ್ ಹೊಡೆದವರಲ್ಲ ನೋಡು" ಎಂದು ಆಂಟಿ ನಕ್ಕರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ, ಯಾರಿಂದ ಅನುಮತಿ ತೆಗೆದುಕೊಂಡೆ ಎಂದು ಕೇಳುವ ಮನುಷ್ಯ. ಮೂರು ವರ್ಷ ಅವರ ವ್ಯಾನಿನಲ್ಲಿ ಓಡಾಡಿದ ನಮಗೂ ಅವರು ಹವಾಲ್ದಾರ್ ಅಂಕಲ್ ಮಾತ್ರ.

ನಮ್ಮದು ಕುಶಾಲನಗರದ ಹತ್ತಿರದ ಹಳ್ಳಿ. ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಮನೆಯಲ್ಲಿ ಹಾಡು ಎಂದರೆ ಅಮ್ಮ ದೇವರ ಮುಂದೆ ದೀಪ ಹಚ್ಚುವಾಗ ಗುನುಗುವುದು, ಅಷ್ಟೇ. ನಾನು ಬಿ.ಕಾಂ. ಓದಲು ಮಡಿಕೇರಿಯ ಕಾಲೇಜಿಗೆ ಸೇರಿದಾಗ, ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು ಬೇಡ ಎಂದು ಅಪ್ಪ ಹವಾಲ್ದಾರ್ ಅಂಕಲ್‌ರ ಹನ್ನೆರಡು ಸೀಟಿನ ವ್ಯಾನಿಗೆ ಸೇರಿಸಿದರು. "ಮಿಲಿಟ್ರಿಯಿಂದ ಬಂದೋರು. ಗಾಡಿಯಲ್ಲಿ ಶಿಸ್ತು ಇರುತ್ತೆ" ಎಂಬುದು ಅಪ್ಪನ ಲೆಕ್ಕಾಚಾರ. ಶಿಸ್ತೇನೋ ಇತ್ತು. ಅದು ಎಂಥ ಶಿಸ್ತು ಎಂಬುದು ಮಾತ್ರ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಮೊದಲ ದಿನವೇ ನಿಯಮ ತಿಳಿಯಿತು. ಕುಶಾಲನಗರದಿಂದ ಸುಂಟಿಕೊಪ್ಪದವರೆಗೆ ಯಾರ ಫೋನಿನ ಹಾಡಾದರೂ ಸ್ಪೀಕರಿನಲ್ಲಿ ಹಾಕಬಹುದು. ಸುಂಟಿಕೊಪ್ಪ ದಾಟಿ ಏರು ಶುರುವಾದ ಕೂಡಲೇ ಸ್ಪೀಕರ್ ಬಂದ್. ಅಲ್ಲಿಂದ ಮುಂದೆ ಬಾಯಿಹಾಡು. ಮಂಜು ಮುಸುಕಿದ ದಾರಿಯಲ್ಲಿ ಎದುರಿನಿಂದ ಬರುವ ಬಸ್ಸು ಕಣ್ಣಿಗೆ ಕಾಣುವ ಮೊದಲು ಅದರ ಹಾರನ್ ಕಿವಿಗೆ ಬೀಳಬೇಕು, ಸ್ಪೀಕರಿಗೆ ಅದು ಗೊತ್ತಾಗುವುದಿಲ್ಲ, ಮನುಷ್ಯರಿಗಾದರೆ ಹೇಳಬಹುದು ಎಂಬುದು ಅವರ ವಾದ. ಹಾಗಾಗಿ ಪ್ರತಿ ತಿರುವಿನ ಮೊದಲು ಅವರು ಎಡಗೈ ಎತ್ತುತ್ತಿದ್ದರು. ಇಡೀ ವ್ಯಾನು ತಟ್ಟನೆ ಬಾಯಿ ಮುಚ್ಚಬೇಕು. ಹಾರನ್ ಹೊಡೆದು, ಎದುರಿನಿಂದ ಉತ್ತರ ಬಂತೇ ಎಂದು ಕೇಳಿಸಿಕೊಂಡು, ತಿರುವು ದಾಟಿ ಅವರು ಕೈ ಇಳಿಸಿದ ಮೇಲೆ ಹಾಡು ಮತ್ತೆ ಶುರು.

ಶುರು ಎಂದರೆ ಎಲ್ಲಿಂದ? ನಿಲ್ಲಿಸಿದಲ್ಲಿಂದ ಅಲ್ಲ. ಅಲ್ಲೇ ನಾನು ಮೊದಲ ದಿನ ತಪ್ಪು ಮಾಡಿದ್ದು.

"ಯಾರದು ಹಾಡಲ್ಲಿ ಹಿಂದೆ ಉಳಿದದ್ದು?" ಎಂದು ಅಂಕಲ್ ಕನ್ನಡಿಯಲ್ಲಿ ನೋಡಿದರು.

ನಾನು ಹೆದರಿ ಕೈ ಎತ್ತಿದೆ.

"ನಾವು ಬಾಯಿ ಮುಚ್ಚಿದರೆ ಹಾಡು ನಿಂತ ಹಾಗಾ? ಹಾಡು ಅದರಷ್ಟಕ್ಕೆ ಹೋಗ್ತಾ ಇರ್ತದೆ. ಒಳಗೆ ಎಣಿಸ್ತಾ ಇರಬೇಕು. ತಿರುವು ಮುಗಿದಾಗ ಅದು ಎಲ್ಲಿಗೆ ಮುಟ್ಟಿರ್ತದೋ ಅಲ್ಲಿಂದ ಹತ್ತಬೇಕು. ನಾಳೆ ನೀನು ಹಿಂದಿನ ಸೀಟು."

ಹಿಂದಿನ ಸೀಟೆಂದರೆ ಟೈರಿನ ಮೇಲಿನ ಸೀಟು. ಒಂದು ವಾರ ಅಲ್ಲಿ ಕುಕ್ಕರಿಸಿಕೊಂಡು ನಾನು ಎಣಿಸಲು ಕಲಿತೆ. ಕಾಲೇಜು ಮುಟ್ಟುವವರೆಗೆ ಸಣ್ಣ ದೊಡ್ಡ ಎಷ್ಟೋ ತಿರುವು. ಪ್ರೇಮಗೀತೆಯೊಂದು ಮಡಿಕೇರಿ ತಲುಪುವಷ್ಟರಲ್ಲಿ ನಾಯಕನ ಅರ್ಧ ವಿರಹವನ್ನು ರಸ್ತೆಯೇ ನುಂಗಿರುತ್ತಿತ್ತು. ಆದರೆ ಹನ್ನೆರಡು ಜನ ಮೌನದಿಂದ ಒಂದೇ ಅಕ್ಷರಕ್ಕೆ ಸರಿಯಾಗಿ ಎದ್ದು ಬಂದಾಗ ಮೈ ಜುಮ್ಮೆನ್ನುತ್ತಿತ್ತು. ಆ ಸುಖವನ್ನು ಯಾವ ಫೋನಿನ ಹಾಡೂ ನನಗೆ ಕೊಟ್ಟಿಲ್ಲ.

ಅವರು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಬ್ಯಾಂಡಿನಲ್ಲಿದ್ದವರು. ಎದೆಗೆ ಕಟ್ಟಿಕೊಂಡು ಬಡಿಯುವ ದೊಡ್ಡ ಡ್ರಮ್ಮು ಅವರದು. ಆ ವೇಷದ ಫೋಟೋ ಒಂದು ಸ್ಟೇರಿಂಗಿನ ಮೇಲ್ಗಡೆ ಅಂಟಿಕೊಂಡಿತ್ತು. ಅದರಲ್ಲಿ ಹೆಗಲ ಮೇಲೆ ಚಿರತೆಯ ಚರ್ಮ. ನನ್ನ ಗೆಳತಿ ದೇಚಮ್ಮ ಒಮ್ಮೆ ಕೇಳಿಯೇಬಿಟ್ಟಳು: "ಅಂಕಲ್, ಈ ಚಿರತೆ ನೀವು ಹೊಡೆದದ್ದಾ?"

"ಅದು ಬಟ್ಟೆ ಮಾರಾಯ್ತಿ. ಸ್ಟೋರಲ್ಲಿ ಸಹಿ ಹಾಕಿ ತಗೊಳ್ಳುವುದು, ಸಂಜೆ ವಾಪಸ್ ಕೊಡುವುದು."

ದೇಚಮ್ಮನ ಮನೆ ಗೋಣಿಕೊಪ್ಪದ ಕಡೆ. ಓದಿಗಾಗಿ ಕುಶಾಲನಗರದ ಅತ್ತೆಯ ಮನೆಯಲ್ಲಿದ್ದಳು. ನಮ್ಮಿಬ್ಬರಿಗೂ ಹಾಡಿನ ಹುಚ್ಚು ಒಟ್ಟಿಗೇ ಹಿಡಿಯಿತು. ಎಲ್ಲಿ ಬ್ಯಾಂಡು, ಎಲ್ಲಿ ಆರ್ಕೆಸ್ಟ್ರಾ, ಯಾವ ಹೋಂಸ್ಟೇ ಅಂಗಳದಲ್ಲಿ ಗಿಟಾರಿನವರು ಬರುತ್ತಾರೆ ಎಂದು ಹುಡುಕುವುದು. ಹತ್ತು ಜನರನ್ನು ಒಟ್ಟು ಮಾಡುವುದು. ಭಾನುವಾರ ಹವಾಲ್ದಾರ್ ಅಂಕಲ್‌ರನ್ನು ಕರೆದುಕೊಂಡು ಹೊರಡುವುದು. ಅವರ ಹೆಸರು ಹೇಳಿದರೆ ಯಾರ ಮನೆಯಲ್ಲೂ ಇಲ್ಲ ಎನ್ನುತ್ತಿರಲಿಲ್ಲ.

ಒಂದು ಸಲ ಮೈಸೂರಿನ ಮೈದಾನದಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ದೇಚಮ್ಮ ಊರಿಗೆ ಹೋಗಿದ್ದರಿಂದ ಅವಳನ್ನು ಹತ್ತಿಸಿಕೊಂಡು ತಿತಿಮತಿಯ ಕಾಡಿನ ದಾರಿಯಲ್ಲಿ ಹೊರಟೆವು. ನಾವೆಲ್ಲ ಗಂಟಲು ಬಿಚ್ಚಿ ಹಾಡುತ್ತಿದ್ದಾಗ ಅಂಕಲ್ ಕೈ ಎತ್ತಿದರು. ತಿರುವು ಇರಲಿಲ್ಲ. ರಸ್ತೆ ಮಧ್ಯೆ ಆನೆ ಇತ್ತು. ಎಂಜಿನ್ ಆರಿಸಿದರು. ಆನೆ ನಮ್ಮನ್ನು ನೋಡಿತು, ಬಾಲ ಆಡಿಸಿತು, ಯೋಚಿಸಿತು, ಕೊನೆಗೆ ಬಿದಿರಿನ ಮರೆಗೆ ಸರಿಯಿತು. ಅಂಕಲ್ ಇನ್ನಷ್ಟು ಹೊತ್ತು ಕಾದು ಗಾಡಿ ಶುರು ಮಾಡಿ ಕೈ ಇಳಿಸಿದರು. ಹೆದರಿ ಕೂತಿದ್ದ ನಾವು ಏನು ಹಾಡುವುದು? ಯಾರೂ ಹಾಡಲಿಲ್ಲ.

"ಎಂತ, ಮರೆತುಹೋಯ್ತಾ?" ಎಂದರು ಅವರು ಬೇಸರದಿಂದ. "ಎರಡನೇ ಚರಣದ ಕೊನೇ ಸಾಲಲ್ಲಿ ಇರಬೇಕಿತ್ತು ನೀವು."

ಅಂದರೆ ಆನೆ ಎದುರಿಗೆ ನಿಂತಿದ್ದಾಗಲೂ ಅವರು ಎಣಿಸುತ್ತಿದ್ದರು!

ಅಂಥ ಕಾರ್ಯಕ್ರಮಗಳಿಗೆ ಅವರು ಒಳಗೆ ಬರುತ್ತಿರಲಿಲ್ಲ. ಗೇಟಿನ ಹೊರಗೆ ವ್ಯಾನಿಗೆ ಒರಗಿ ನಿಂತು ಕೇಳುವುದು, ವಾಪಸು ಬರುವಾಗ ತೀರ್ಪು ಕೊಡುವುದು. ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ: ತಾಳಕ್ಕಿಂತ ಮುಂದೆ ಓಡುವವರು, ತಾಳವನ್ನು ಹಿಂದಕ್ಕೆ ಎಳೆಯುವವರು. ನಾವು ಕುಣಿದು ಕುಪ್ಪಳಿಸಿ ಸ್ವರ್ಗದಲ್ಲಿ ತೇಲುತ್ತಾ ಬಂದರೆ, "ಹಾಡಿದವಳು ಚಿನ್ನ. ಕೀಬೋರ್ಡಿನವನು ಎಳೀತಾನೆ, ಮನೆಯಲ್ಲಿ ಎಂತದೋ ತೊಂದರೆ ಇರಬೇಕು" ಎನ್ನುತ್ತಿದ್ದರು. ಕಕ್ಕಬೆಯ ಹೋಂಸ್ಟೇಯಲ್ಲಿ ಬರಿಗಾಲಿನ ಇಬ್ಬರು ಹುಡುಗರು ಮಧ್ಯಾಹ್ನವಿಡೀ ಹಾಡಿದಾಗ ಮಾತ್ರ ಅವರು ಏನೂ ಹೇಳಲಿಲ್ಲ. ನಾಪೋಕ್ಲು ದಾಟಿದ ಮೇಲೆ ಮೆಲ್ಲಗೆ, "ಅವರಿಬ್ಬರ ಕಾಲು ನೋಡಿದಿರಾ? ಒಟ್ಟಿಗೆ ಏಳ್ತಿತ್ತು, ಒಟ್ಟಿಗೆ ಬೀಳ್ತಿತ್ತು" ಎಂದರು. ಗೇಟಿನ ಹೊರಗಿದ್ದ ಮನುಷ್ಯನಿಗೆ ಅವರ ಕಾಲು ಹೇಗೆ ಕಂಡಿತು ಎಂದು ನಾವು ಕೇಳಲಿಲ್ಲ. ಬೇಲಿಯ ಹತ್ತಿರ ಒಂದು ಬಿಳಿ ತಲೆ ಆಗಾಗ ಮೇಲೇಳುವುದನ್ನು ದೇಚಮ್ಮ ನೋಡಿದ್ದಳು.

ಎರಡನೇ ವರ್ಷದ ಕಾಲೇಜು ಹಬ್ಬಕ್ಕೆ ಮೈಸೂರಿನಿಂದ ಹುಡುಗರ ಬ್ಯಾಂಡೊಂದನ್ನು ಕರೆಸಿದ್ದೆವು. ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿ ನಾನು. ಬ್ಯಾಂಡಿನವರಿಗೆ ಇಪ್ಪತ್ತು ಸಲ ಫೋನು ಮಾಡಿ, ಪ್ರಿನ್ಸಿಪಾಲರ ಮುಂದೆ ಹತ್ತು ಸಲ ಹಲ್ಲು ಗಿಂಜಿ ಒಪ್ಪಿಸಿದ್ದೆ. ಅವರು ಬಂದದ್ದೇನೋ ಬಂದರು. ಆದರೆ ಮಡಿಕೇರಿಯ ತಿರುವುಗಳು ಅವರ ಡ್ರಮ್ಮರನ ಹೊಟ್ಟೆಯನ್ನು ಬುಡಮೇಲು ಮಾಡಿದ್ದವು. ಪಾಪದ ಹುಡುಗ ಸ್ಟಾಫ್ ರೂಮಿನ ಬೆಂಚಿನ ಮೇಲೆ ಲಿಂಬೆಹಣ್ಣು ಮೂಸುತ್ತಾ ಅಂಗಾತ ಮಲಗಿದ್ದ. ಹೊರಗೆ ಬಿಸಿಲಲ್ಲಿ ಸಾವಿರ ಜನ ಹುಯ್ಯೆನ್ನುತ್ತಿದ್ದರು.

ನಾನು ಓಡಿದ್ದು ವ್ಯಾನು ನಿಲ್ಲಿಸಿದ್ದ ಕಡೆಗೆ.

"ಅಂಕಲ್, ಒಂದೇ ಒಂದು ಹಾಡು. ಆ ಹುಡುಗ ಎದ್ದು ಕೂರೋವರೆಗೆ. ನೀವೇ ಕಾಪಾಡ್ಬೇಕು."

"ನನ್ನದು ಒಂದು ಡ್ರಮ್ಮು ಮಗಳೇ. ಅಲ್ಲಿ ಆರು ಉಂಟು."

"ಆರರಲ್ಲಿ ಒಂದನ್ನ ಬಾರಿಸಿ ಸಾಕು."

"ಬೇಡ."

"ಅಂಕಲ್, ನನ್ನ ಮಾನ ಹೋಗುತ್ತೆ."

ಆ ಮಾತಿಗೆ ಅವರು ಬಗ್ಗಿದರು. ವ್ಯಾನಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿದರು. ಒಂದೊಂದೇ ಷೂವನ್ನು ಪ್ಯಾಂಟಿನ ಹಿಂಬದಿಗೆ ತಿಕ್ಕಿ ಹೊಳೆಯಿಸಿದರು. ವೇದಿಕೆ ಹತ್ತಿ ಡ್ರಮ್ಮರನ ಸ್ಟೂಲನ್ನು ನೋಡಿ, "ಕೂತು ನುಡಿಸುವುದಾ?" ಎಂದು ಕೇಳಿ, ಅದನ್ನು ಪಕ್ಕಕ್ಕೆ ಸರಿಸಿ, ಎದೆ ಸೆಟೆಸಿ ನಿಂತರು.

ಹಾಡು ಮೆಲುವಾದ ಪ್ರೇಮಗೀತೆ. ಗಿಟಾರಿನ ಹುಡುಗ ಕಣ್ಣು ಮುಚ್ಚಿ ಶುರು ಮಾಡಿದ. ಅಂಕಲ್ ಧಂ ಎಂದರು. ಮತ್ತೆ ಧಂ. ಎಡ, ಬಲ, ಎಡ, ಬಲ. ಎರಡು ಸಾಲಿನಷ್ಟರಲ್ಲಿ ಆ ಪ್ರೇಮಿ ಗಡಿ ಕಾಯಲು ಹೊರಟವನಂತೆ ಕೇಳಿಸತೊಡಗಿದ. ಆಮೇಲೆ ಹಿಂದಿನ ಸಾಲಿನಲ್ಲಿ ಯಾವನೋ ಲೆಫ್ಟ್ ರೈಟ್ ಎಂದು ಹೆಜ್ಜೆ ಹಾಕಿದ. ಅವನ ಹಿಂದೆ ಹತ್ತು ಜನ. ಆಮೇಲೆ ನೂರು. ಕೈ ಬೀಸುತ್ತಾ, ಮಂಡಿ ಎತ್ತುತ್ತಾ, ಸೆಲ್ಯೂಟ್ ಹೊಡೆಯುತ್ತಾ, ಬಿದ್ದು ಬಿದ್ದು ನಗುತ್ತಾ ಇಡೀ ಕಾಲೇಜು ಧೂಳೆಬ್ಬಿಸಿತು. ಎಲ್ಲರ ಫೋನೂ ಮೇಲೆ ಎದ್ದಿತ್ತು. ಹಾಡು ಮುಗಿದ ಮೇಲೂ ಅಂಕಲ್ ಎರಡು ಪೆಟ್ಟು ಹಾಕಿ, ಕಡ್ಡಿಗಳನ್ನು ಬಗಲಿಗೆ ಸಿಕ್ಕಿಸಿ ನಿಂತರು.

ಹಾಡುಗಾರ ಮೈಕಿನಲ್ಲಿ ಹೇಳಿದ: "ಓಕೆ, ಪರೇಡ್ ಮುಗೀತು. ಇನ್ನು ಮ್ಯೂಸಿಕ್ ಶುರು ಮಾಡೋಣ್ವಾ?"

ನಗು ಮತ್ತೆ ಸಿಡಿಯಿತು. ಅಷ್ಟರಲ್ಲಿ ಡ್ರಮ್ಮರ್ ಹುಡುಗ ಮುಖ ತೊಳೆದುಕೊಂಡು ಬಂದಿದ್ದ. ಅಂಕಲ್ ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಪಕ್ಕಪಕ್ಕಕ್ಕೆ ನೇರವಾಗಿ ಇಟ್ಟು, ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ಕೈಯಲ್ಲಿ ಹಬ್ಬದ ಬ್ಯಾಡ್ಜು ಹಿಡಿದುಕೊಂಡು ನಿಂತಿದ್ದ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನನ್ನ ಮಾನ ಉಳಿಸಲು ಅವರ ಮಾನವನ್ನು ಹರಾಜಿಗೆ ಹಾಕಿದ್ದೆ.

ಅವತ್ತು ವಾಪಸು ಬರುವಾಗ ಯಾರೂ ಹಾಡಲಿಲ್ಲ. ಮರುದಿನವೂ ಇಲ್ಲ. ಅವರು ಮಾತಾಡದೆ ಓಡಿಸಿದರು, ನಾವು ಮಾತಾಡದೆ ಕೂತೆವು. ಅವರು ತಿರುವಿನಲ್ಲಿ ಕೈ ಎತ್ತುತ್ತಿದ್ದರು, ನಿಲ್ಲಿಸಲು ನಮ್ಮ ಬಾಯಲ್ಲಿ ಹಾಡೇ ಇರಲಿಲ್ಲ. ಅಷ್ಟರಲ್ಲಿ ವಿಡಿಯೊ ಊರೆಲ್ಲ ಸುತ್ತಿತ್ತು. ನಾನು ಒಬ್ಬೊಬ್ಬರಿಗೇ ಅಳಿಸಿ ಎಂದು ಕೈಮುಗಿದೆ. ನಾನು ಕೈಮುಗಿದಷ್ಟೂ ಅದು ಇನ್ನಷ್ಟು ಜನರಿಗೆ ಹೋಯಿತು. ಅದಕ್ಕೆ 'ಮಿಲಿಟ್ರಿ ಲವ್' ಎಂದು ಹೆಸರೂ ಬಿದ್ದಿತ್ತು. ಒಂಬತ್ತು ದಿನ ಹೀಗೇ ಕಳೆದವು. ಅಮ್ಮನಿಗೆ ಎಲ್ಲ ಹೇಳಿದೆ.

"ವಯಸ್ಸಾದೋರು ಕಣೆ. ಹೋಗಿ ಕಾಲು ಮುಟ್ಟಿ ತಪ್ಪಾಯ್ತು ಅನ್ನು. ಇನ್ನೇನು ಮಾಡ್ತೀಯ?" ಎಂದು ಅಮ್ಮ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಳು.

ಭಾನುವಾರ ದೇಚಮ್ಮನನ್ನು ಜೊತೆಗೆ ಕರೆದುಕೊಂಡು ಸುಂಟಿಕೊಪ್ಪದ ಹತ್ತಿರವಿದ್ದ ಅವರ ಮನೆಗೆ ಹೋದೆ. ಗೇಟಿನವರೆಗೂ ತಟ್ಟೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಆಂಟಿ ಬಾಗಿಲು ತೆಗೆದು, "ಬಂದಿರಾ? ಒಳ್ಳೇದಾಯ್ತು. ಒಂದು ವಾರದಿಂದ ಇದೇ ಕಾಟ. ನನ್ನ ಫೋನೂ ಇಲ್ಲ, ಊಟದ ತಟ್ಟೆಯೂ ಇಲ್ಲ" ಎಂದರು.

ಒಳಗೆ ಅಂಕಲ್ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಎರಡು ಚಮಚ, ಎದುರಿಗೆ ಬೋರಲು ಹಾಕಿದ ಸ್ಟೀಲ್ ತಟ್ಟೆ. ಚೊಂಬಿಗೆ ಒರಗಿಸಿದ ಫೋನಿನಲ್ಲಿ ಅದೇ ವಿಡಿಯೊ ಓಡುತ್ತಿತ್ತು. ನಾನು ಬಗ್ಗಿ ಕಾಲು ಮುಟ್ಟಲು ಹೋದೆ. ಅವರು ಅತ್ತ ನೋಡಲೇ ಇಲ್ಲ.

"ಬಾ ಬಾ. ಇಲ್ಲಿ ಕೇಳು. ಮೂರನೇ ಸಾಲು. ಈಗ ಬರ್ತದೆ... ಹಾಂ! ಓಡಿದ! ಕೇಳಿತಾ?"

"ಯಾರು ಅಂಕಲ್?"

"ಗಿಟಾರಿನವನು! ನಾನು ತಪ್ಪಿದೆನಾ ಅಂತ ಎಷ್ಟು ಸಲ ನೋಡಿದೆ ಗೊತ್ತುಂಟಾ? ನಾನು ಗೋಡೆ ಹಾಗೆ ನಿಂತಿದ್ದೇನೆ. ಮೂರನೇ ಸಾಲಲ್ಲಿ ಅವನು ಓಡ್ತಾನೆ, ಐದನೇ ಸಾಲಲ್ಲಿ ನಾನು ಹಿಡ್ಕೊಂಡು ಬರ್ತೇನೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಂಕಲ್, ನಂದೇ ತಪ್ಪು. ನಿಮ್ಮನ್ನ ಸ್ಟೇಜಿಗೆ ಎಳೀಬಾರದಿತ್ತು. ಅವರೆಲ್ಲ ನಿಮ್ಮನ್ನ ನೋಡಿ ನಕ್ಕರು" ಎಂದೆ. ಹೇಳುತ್ತಿದ್ದಂತೆ ಅಳುವೇ ಬಂತು.

ಅವರು ಚಮಚ ಕೆಳಗಿಟ್ಟರು. ಆಂಟಿಗೆ ಕಾಫಿ ತರಲು ಹೇಳಿ, ನಮ್ಮನ್ನು ಕೂರಿಸಿ, ತಾವೂ ಕೂತರು.

"ಆ ಮೈಕಿನ ಹುಡುಗ ಹೇಳಿದ ಮಾತಿಗೆ ನೋವಾಯ್ತು. ಇಲ್ಲ ಅನ್ನುವುದಿಲ್ಲ. ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ ಇವಳು ಫೋನಲ್ಲಿ ಈ ವಿಡಿಯೊ ತೋರಿಸಿದಳು. ನಾನು ಅಲ್ಲಿ ಡ್ರಮ್ಮು ನೋಡ್ತಿದ್ದೆ, ಮುಂದೆ ಎಂತ ಆಗ್ತಿತ್ತು ಅಂತ ಕಂಡೇ ಇರಲಿಲ್ಲ." ಫೋನನ್ನು ನನ್ನ ಕೈಗೆ ಕೊಟ್ಟರು. "ನೋಡು. ಇಷ್ಟೂ ಜನ ಕುಣೀತಾ ಇದ್ದಾರೆ."

"ಅದು ನಗ್ತಾ..."

"ನಗ್ತಾ ಕುಣಿದರು. ಕುಣಿದದ್ದು ಹೌದಲ್ಲ?" ಎಂದು ಅವರು ಮುಂದಕ್ಕೆ ಬಗ್ಗಿದರು. "ನಮ್ಮ ಊರಲ್ಲಿ ಮದುವೆ ವಾಲಗದ ಡೋಲು ಕೇಳಿದರೆ ಕಾಲು ನೋವಿನವನೂ ಎದ್ದು ಕುಣೀತಾನೆ. ನಾನು ಇಪ್ಪತ್ತೆರಡು ವರ್ಷ ಬಾರಿಸಿದೆ. ಹಿಮದಲ್ಲಿ, ಮರಳಲ್ಲಿ, ದೊಡ್ಡ ದೊಡ್ಡ ಸಾಹೇಬರ ಮುಂದೆ. ಒಬ್ಬನೇ ಒಬ್ಬ ಕುಣಿದವನಿಲ್ಲ. ಎಲ್ಲರೂ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಮೊನ್ನೆಯೇ ಮೊದಲು."

ದೇಚಮ್ಮ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಒಂಬತ್ತು ದಿನ ಯಾಕೆ ಮಾತಾಡಲಿಲ್ಲ ಅಂಕಲ್?"

"ಎರಡು ದಿನ ಬೇಜಾರು, ಹೇಳಿದೆನಲ್ಲ. ಆಮೇಲೆ ಆ ಹಾಡು ತಲೆಯಲ್ಲಿ ಓಡ್ತಾ ಇತ್ತು, ಎಣಿಸ್ತಾ ಇದ್ದೆ. ನೀವು ಯಾಕೆ ಹಾಡಲಿಲ್ಲ?"

"ನಿಮಗೆ ಕೋಪ ಅಂತ."

"ನಾನು ನಿಮಗೇ ಕೋಪ ಅಂದ್ಕೊಂಡಿದ್ದೆ," ಎಂದು ಅವರು ನಕ್ಕರು. "ಅಲ್ಲ, ನಿಮ್ಮ ಕಾರ್ಯಕ್ರಮ ಹಾಳು ಮಾಡಿದೆ ಅಂತ."

ಕೊಬ್ಬರಿ ಮಿಠಾಯಿಯ ಡಬ್ಬಿ ಅಲ್ಲೇ ಖಾಲಿಯಾಯಿತು. ಸೋಮವಾರ ಸುಂಟಿಕೊಪ್ಪ ದಾಟಿದ ಮೇಲೆ ನಾವು ಎಷ್ಟು ಜೋರಾಗಿ ಹಾಡಿದೆವೆಂದರೆ ಎದುರಿನ ಬಸ್ಸಿನವನೇ ಹಾರನ್ ಹೊಡೆಯುವುದನ್ನು ಮರೆತು ಬಗ್ಗಿ ನೋಡಿದ. ಅದಕ್ಕೆ ನಮಗೆಲ್ಲ ಬೈಗುಳವೂ ಬಿತ್ತು.

ಅಲ್ಲಿಂದ ಮುಂದೆ ಅವರು ಕಾರ್ಯಕ್ರಮಗಳಿಗೆ ಒಳಗೆ ಬರತೊಡಗಿದರು. ಕುಣಿಯುವ ಗುಂಪಿನ ನಡುವೆ ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ನಿಲ್ಲುತ್ತಿದ್ದರು. ಅಕ್ಕಪಕ್ಕದವರು ಹೆದರಿ ಸ್ವಲ್ಪ ಜಾಗ ಬಿಡುತ್ತಿದ್ದರು. ಬನ್ನಿ ಅಂಕಲ್ ಎಂದು ನಾವು ಕೈ ಎಳೆದರೆ, "ನಾನು ಕುಣಿದರೆ ಎಣಿಸುವುದು ಯಾರು?" ಎನ್ನುತ್ತಿದ್ದರು. ಲೋಕದ ಹಾಡುಗಳೆಲ್ಲ ತಾವು ಎಣಿಸುವುದರಿಂದಲೇ ಸರಿಯಾಗಿ ನಡೆಯುತ್ತಿವೆ ಎಂಬ ಗಟ್ಟಿ ನಂಬಿಕೆ ಅವರಿಗೆ.

ಓದು ಮುಗಿಯಿತು. ನಾನು ಕುಶಾಲನಗರದ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದೆ. ವ್ಯಾನಿಗೆ ಬೇರೆ ಹುಡುಗರು ಬಂದರು, ಅವರೂ ಟೈರಿನ ಮೇಲೆ ಕೂತು ಎಣಿಸಲು ಕಲಿತರು ಎಂದು ಕೇಳಿದ್ದೆ. ಆಮೇಲೆ ಗಾಡಿ ಮಾರಿದ ಸುದ್ದಿ ಬಂತು. ಇನ್ನು ಅವರು ಹೇಗೆ ದಿನ ಕಳೆಯುತ್ತಾರೋ ಎಂಬ ಚಿಂತೆ ನನಗೆ.

ಹೋದ ತಿಂಗಳು ದೇಚಮ್ಮನ ಮದುವೆ. ಅಂಕಲ್ ಕೋಟು ತೊಟ್ಟು, ಎದೆಗೆ ಪದಕಗಳನ್ನು ಸಿಕ್ಕಿಸಿಕೊಂಡು ಬಂದಿದ್ದರು. ಕಣ್ಣಿಗೆ ದಪ್ಪ ಕನ್ನಡಕ. ಸ್ವಲ್ಪ ಇಳಿದುಹೋಗಿದ್ದರು. ಮಧ್ಯಾಹ್ನದ ಊಟದ ನಂತರ ವಾಲಗ ಏರಿತು. ಹೆಂಗಸರು, ಗಂಡಸರು, ಅಜ್ಜಿಯರು ಎಲ್ಲರೂ ಅಂಗಳಕ್ಕಿಳಿದರು. ಅಂಕಲ್ ಮಾತ್ರ ವಾಲಗದವರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಡೋಲು ಬಡಿಯುವ ಹಿರಿಯರ ಕೈಯನ್ನೇ ನೋಡುತ್ತಿದ್ದರು. ನಡುವೆ ವಾಲಗ ನಿಂತಾಗ ಆ ಹಿರಿಯರು, "ನೀವೂ ಬ್ಯಾಂಡಲ್ಲಿ ಇದ್ದವರಂತೆ, ಒಂದು ಕೈ ನೋಡ್ತೀರಾ?" ಎಂದು ಡೋಲನ್ನು ಮುಂದೆ ಚಾಚಿದರು. ಅಂಕಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಚರ್ಮದ ಮೇಲೆ ಬೆರಳಾಡಿಸಿ, ಹಾಗೆಯೇ ವಾಪಸು ಕೊಟ್ಟರು.

"ಬೇಡಪ್ಪ. ಹುಡುಗಿಯ ಮದುವೆ ಪರೇಡ್ ಆಗ್ತದೆ. ನೀವು ಓಡುವುದೂ ಇಲ್ಲ, ಎಳೆಯುವುದೂ ಇಲ್ಲ. ಇಂಥವರು ಇರುವಾಗ ನನಗೆ ಇಲ್ಲಿ ಎಂತ ಕೆಲಸ?"

ವಾಲಗ ಮತ್ತೆ ಶುರುವಾಯಿತು. ಅಂಕಲ್ ಎದ್ದು ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಕೋಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ನೋಡುನೋಡುತ್ತಿದ್ದಂತೆ ಗುಂಪಿನ ನಡುವೆ ನುಗ್ಗಿ, ಕೈಗಳೆರಡನ್ನೂ ಮೇಲೆತ್ತಿ ಕುಣಿಯತೊಡಗಿದರು. ಅಂಥ ಕೆಟ್ಟ ಕುಣಿತವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಡೋಲು ಒಂದು ಕಡೆ, ಅವರ ಕಾಲು ಇನ್ನೊಂದು ಕಡೆ. ಮದುಮಗಳ ಅಜ್ಜಿಯ ಪಾದ ಎರಡು ಸಲ ತುಳಿದರು. ಮೂರು ವರ್ಷ ಅವರ ಕೈಕೆಳಗೆ ಪಳಗಿದ ನನ್ನ ಕಿವಿ ತಡೆಯಲಾರದೆ ಹೋಯಿತು. ಕೋಟು ಹಿಡಿದುಕೊಂಡೇ ಗುಂಪಿನೊಳಗೆ ಹೋಗಿ, ಅವರ ಕಿವಿಯ ಹತ್ತಿರ ಕೂಗಿದೆ:

"ಅಂಕಲ್, ತಾಳ ತಪ್ತಿದೆ!"

ಬೆವರು ಸುರಿಯುತ್ತಿದ್ದ ಮುಖದಲ್ಲಿ ಹುಡುಗನಂತೆ ನಗುತ್ತಾ ಅವರೂ ಕೂಗಿದರು:

"ತಪ್ಪಲಿ ಬಿಡು ಮಗಳೇ. ಇವತ್ತು ನನಗೆ ರಜೆ!"